‘ಒಡಂಬಡಿಕೆ’ ಮತ್ತು ‘ವಾಗ್ದಾನ’: ಕನ್ನಡ ಬೈಬಲಿನ ಎರಡು ಪದಗಳು

ಬೈಬಲಿನ ಎರಡು ಭಾಗಗಳಿಗೆ ಕನ್ನಡದಲ್ಲಿ ‘ಹಳೆಯ ಒಡಂಬಡಿಕೆ’, ‘ಹೊಸ ಒಡಂಬಡಿಕೆ’ ಎಂಬ ಹೆಸರುಗಳು ನೆಲೆಗೊಂಡಿವೆ. ನಾಗಪುರದಲ್ಲಿದ್ದುಕೊಂಡು ಈ ಲೇಖನವನ್ನು ಬರೆಯುತ್ತಿರುವ ನಮಗೆ ಈ ಪದದ ವೈಶಿಷ್ಟ್ಯ ಎದ್ದು ಕಾಣುತ್ತದೆ. 1845ರಲ್ಲಿ ಸ್ಟೀಫನ್ ಹಿಸ್ಲಾಪ್ ಮಿಷನ್ ಕಾರ್ಯವನ್ನು ಆರಂಭಿಸಿದ ಈ ನಗರದಲ್ಲಿ ಬೈಬಲನ್ನು ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ಓದುವವರಿದ್ದಾರೆ. ಕನ್ನಡದ ‘ಒಡಂಬಡಿಕೆ’ಯನ್ನು ಮರಾಠಿ ‘ಕರಾರ್’ ಎನ್ನುತ್ತದೆ. ಹಿಂದಿ ‘ವಾಚಾ’ ಎನ್ನುತ್ತದೆ. ಗ್ರಂಥಭಾಗಗಳನ್ನು ಮಾತ್ರ ‘ನಿಯಮ್’ ಎಂದು ಕರೆಯುತ್ತದೆ. ತೆಲುಗಿನದು ‘ನಿಬಂಧನ’. ತಮಿಳಿನ ‘ಉಡನ್ಪಡಿಕ್ಕೈ’ ಕನ್ನಡ ಪದದ ಜ್ಞಾತಿ. ದೇವರು ತಾನು ಕೊಟ್ಟ ಮಾತನ್ನು ಉಳಿಸಿಕೊಳ್ಳುವನೆಂಬ ಬೈಬಲಿನ ಕೇಂದ್ರ ಕಲ್ಪನೆಯನ್ನು ಕನ್ನಡದ ಪದ ಎಷ್ಟರಮಟ್ಟಿಗೆ ಹೊರಬಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

‘ಒಡನ್’ ಮತ್ತು ‘ಪಡು’ ಸೇರಿ ‘ಒಡಂಬಡು’ ಆಗಿದೆ. ಹಳಗನ್ನಡದಲ್ಲಿ ಅದಕ್ಕೆ ಒಪ್ಪು, ಸಮ್ಮತಿಸು ಎಂಬ ಅರ್ಥ. ಆದ್ದರಿಂದ ಒಡಂಬಡಿಕೆಗೆ ಇಬ್ಬರು ಬೇಕು. ಒಬ್ಬನು ತಪ್ಪಿದರೆ ಇನ್ನೊಬ್ಬನ ಹೊಣೆಯೂ ಮುಗಿಯಿತೆಂಬ ಧ್ವನಿ ಅದರಲ್ಲಿದೆ. ಹೀಬ್ರೂವಿನ ಮೂಲಪದ ‘ಬೆರೀತ್’. ಅದನ್ನು ಗ್ರೀಕಿಗೆ ತಂದ ಪ್ರಾಚೀನ ಅನುವಾದಕರು ಸಮಾನರ ಪರಸ್ಪರ ಒಪ್ಪಂದವನ್ನು ಸೂಚಿಸುವ ‘ಸುಂಥೇಕೆ’ಯನ್ನು ಬಿಟ್ಟು, ಒಬ್ಬನು ತಾನಾಗಿ ಮಾಡುವ ವ್ಯವಸ್ಥೆಯನ್ನು, ಉಯಿಲನ್ನು ಸೂಚಿಸುವ ‘ದಿಯಾಥೇಕೆ’ಯನ್ನು ಆರಿಸಿಕೊಂಡರು. ಕನ್ನಡದ ಪದ ಇವೆರಡರಲ್ಲಿ ಮೊದಲನೆಯದಕ್ಕೇ ಹತ್ತಿರವಾಗಿದೆ ಎಂಬುದು ಗಮನಾರ್ಹ.

ಈ ವ್ಯತ್ಯಾಸ ಕೇವಲ ನಿಘಂಟಿನದಲ್ಲ. ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಪಶುಗಳನ್ನು ಇಬ್ಭಾಗ ಮಾಡಿ ಎದುರುಬದುರಾಗಿ ಇಡಲಾಗುತ್ತದೆ. ಆ ತುಂಡುಗಳ ನಡುವೆ ಹಾದುಹೋಗುವವನು ಮಾತಿಗೆ ತಪ್ಪಿದರೆ ತನಗೂ ಅದೇ ಗತಿ ಬರಲೆಂದು ಒಪ್ಪಿದಂತೆ. ಯೆರೆಮೀಯನ ಗ್ರಂಥದ 34ನೆಯ ಅಧ್ಯಾಯ ಇದನ್ನು ಸ್ಪಷ್ಟಪಡಿಸುತ್ತದೆ. ಆದರೆ ಇಲ್ಲಿ ಅಬ್ರಾಮನು ಗಾಢನಿದ್ರೆಯಲ್ಲಿದ್ದಾನೆ. ಹೊಗೆಯಾಡುವ ಒಲೆ ಮತ್ತು ಉರಿಯುವ ಪಂಜಿನ ರೂಪದಲ್ಲಿ ದೇವರೊಬ್ಬನೇ ಹಾದುಹೋಗುತ್ತಾನೆ. ನೋಹನಿಗೆ ಮಳೆಬಿಲ್ಲಿನ ಗುರುತಿನೊಡನೆ ಕೊಟ್ಟ ಮಾತೂ, ದಾವೀದನ ವಂಶಕ್ಕೆ ಕೊಟ್ಟ ಮಾತೂ ಇದೇ ಬಗೆಯವು. ಸೀನಾಯಿ ಬೆಟ್ಟದ ಒಡಂಬಡಿಕೆಯಲ್ಲಿ ಮಾತ್ರ ಜನರೂ ಆಜ್ಞೆಗಳಿಗೆ ಬದ್ಧರಾಗುತ್ತಾರೆ. ಅವರು ಅದನ್ನು ಮುರಿದಾಗ ಹೊಸ ಒಡಂಬಡಿಕೆಯನ್ನು ಮಾಡುವೆನೆಂದು ದೇವರೇ ನುಡಿಯುವುದನ್ನು ಯೆರೆಮೀಯನ 31ನೆಯ ಅಧ್ಯಾಯದಲ್ಲಿ ಕಾಣುತ್ತೇವೆ.

ಮಧ್ಯಕಾಲೀನ ಕನ್ನಡದಲ್ಲಿಯೂ ಮಾತಿನ ನಿಷ್ಠೆಗೆ ಸಮೃದ್ಧವಾದ ಪದಸಂಪತ್ತಿದೆ: ಭಾಷೆ, ಜೋಳವಾಳಿ, ವೇಳೆವಾಳಿ. ಅಲ್ಲಿ ಭಾರವನ್ನು ಹೊರುವವನು ಆಳು. ಇಮ್ಮಡಿ ವೀರಬಲ್ಲಾಳನ ಗರುಡನಾದ ಕುವರ ಲಕ್ಷ್ಮನು ಒಡೆಯನೊಡನೆ ಪ್ರಾಣವನ್ನರ್ಪಿಸಿದ್ದಕ್ಕೆ ಹಳೇಬೀಡಿನ ಕಂಬ ಸಾಕ್ಷಿ. ರಾಘವಾಂಕನ ಹರಿಶ್ಚಂದ್ರ ರಾಜ್ಯವನ್ನೂ ಮಡದಿಮಕ್ಕಳನ್ನೂ ಕಳೆದುಕೊಂಡರೂ ಸತ್ಯವನ್ನು ಬಿಡುವುದಿಲ್ಲ; ಶಿವನು ಕೊನೆಗೆ ಬಂದು ಅವನನ್ನು ಮೆಚ್ಚುತ್ತಾನೆ. ಮಾತಿಗೆ ಕಟ್ಟುಬಿದ್ದವನು ಮನುಷ್ಯ. ಆದಿಕಾಂಡದ ಕಥನದಲ್ಲಿಯಾದರೋ ಒಡೆಯನೇ ಆಣೆಗೆ ಒಳಗಾಗುತ್ತಾನೆ. ಕನ್ನಡ ಅನುವಾದದ ನಿಜವಾದ ಸವಾಲು ಇದಾಗಿತ್ತು.

ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1831ರ ವೇಳೆಗೆ ಇಡೀ ಬೈಬಲನ್ನು ಕನ್ನಡಿಸಿದ್ದನು. ಮುಂದೆ ಆ ಪಠ್ಯ ಹಲವರಿಂದ ಪರಿಷ್ಕಾರಗೊಂಡಿತು. ಇಂದು ಪ್ರಚಾರದಲ್ಲಿರುವ ‘ಸತ್ಯವೇದ’ದಲ್ಲಿ ‘ಒಡಂಬಡಿಕೆ’ಯ ಜೊತೆಗೆ ‘ವಾಗ್ದಾನ’ ಎಂಬ ಪದವೂ ಬಳಕೆಯಾಗಿದೆ. ಕೊಡುವವನು ಒಬ್ಬನಿದ್ದರೆ ದಾನವಾಗುತ್ತದೆ. ಪಡೆಯುವವನ ಅರ್ಹತೆ ಅದರ ಷರತ್ತಲ್ಲ. ಅಬ್ರಹಾಮನಿಗೆ ದೊರೆತ ವಾಗ್ದಾನವನ್ನು 430 ವರ್ಷಗಳ ತರುವಾಯ ಬಂದ ಧರ್ಮಶಾಸ್ತ್ರ ರದ್ದುಪಡಿಸಲಾರದೆಂದು ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ವಾದಿಸುವಾಗ ಈ ಪದ ಸಾರ್ಥಕವಾಗುತ್ತದೆ. ಒಡಂಬಡಿಕೆಯಲ್ಲಿ ಉಳಿದುಹೋದ ಕೊರತೆಯನ್ನು ವಾಗ್ದಾನ ತುಂಬಿದೆಯೆಂದು ನಾವು ಭಾವಿಸುತ್ತೇವೆ.

ಆದರೂ ಬೈಬಲು ಈ ನಿಷ್ಠೆಯನ್ನು ಪ್ರಶ್ನಾತೀತವೆಂದು ಸಾರುವುದಿಲ್ಲ. ಕೀರ್ತನೆಗಳಲ್ಲಿ 89ನೆಯದು ದೇವರ ಸತ್ಯಸಂಧತೆಯ ಸ್ತುತಿಯಿಂದ ಆರಂಭವಾಗಿ, ದಾವೀದನಿಗೆ ಮಾಡಿದ ಪ್ರಮಾಣ ಎಲ್ಲಿ ಹೋಯಿತೆಂಬ ನೇರವಾದ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಕೊಟ್ಟ ಮಾತನ್ನು ನಂಬಿದವರಿಗೆ ಮಾತ್ರ ಹೀಗೆ ಕೇಳುವ ಹಕ್ಕಿರುತ್ತದೆ. ಬೈಬಲಿನ ಅನುವಾದಗಳನ್ನು ಹೋಲಿಸಿ ನೋಡುವ ಹೊರನಾಡಿನ ವಿದ್ವಾಂಸರು ಕರಾರ್, ವಾಚಾ, ನಿಬಂಧನ, ಒಡಂಬಡಿಕೆಗಳ ಅರ್ಥವ್ಯಾಪ್ತಿಯನ್ನಷ್ಟೇ ಅಳೆಯದೆ, ಆ ಪ್ರಶ್ನೆಯ ಬಿಸಿ ಆಯಾ ಭಾಷೆಯಲ್ಲಿ ಉಳಿದಿದೆಯೇ ಎಂಬುದನ್ನೂ ಪರೀಕ್ಷಿಸಬೇಕೆಂಬುದು ನಮ್ಮ ಸೂಚನೆ.