ಸರ್ಕಾರದ ಮೇಲಿನ ನಂಬಿಕೆಗೂ ಪಕ್ಷವುಂಟು

ವಾಷಿಂಗ್ಟನ್ನಿನ ಸರ್ಕಾರ ಸರಿಯಾದದ್ದನ್ನೇ ಮಾಡುತ್ತದೆಂದು ನಂಬುತ್ತೀರಾ? 1958ರಲ್ಲಿ ಅಮೆರಿಕದ ಸಮೀಕ್ಷೆಯೊಂದು ಹೀಗೆ ಕೇಳಿದಾಗ ನಾಲ್ವರಲ್ಲಿ ಸುಮಾರು ಮೂವರು ‘ಯಾವಾಗಲೂ’ ಅಥವಾ ‘ಬಹುಪಾಲು’ ಎಂದರು. 2023ರಲ್ಲಿ ಹಾಗೆಂದವರು ನೂರಕ್ಕೆ ಇಪ್ಪತ್ತು ಮಂದಿಯೂ ಇರಲಿಲ್ಲ. ವಿಯೆಟ್ನಾಂ ಯುದ್ಧ ಮತ್ತು ವಾಟರ್‌ಗೇಟ್ ಹಗರಣ 1970ರ ದಶಕದಲ್ಲೇ ಈ ನಂಬಿಕೆಯ ಬುಡ ಅಲುಗಾಡಿಸಿದ್ದವು. ಉಳಿದಿದ್ದಕ್ಕೆ ಈಗ ಪಕ್ಷದ ಬಣ್ಣ ಮೆತ್ತಿಕೊಂಡಿದೆ.

ಶ್ವೇತಭವನದಲ್ಲಿ ತಮ್ಮವರಿದ್ದರೆ ಜನ ಸರ್ಕಾರವನ್ನು ಹೆಚ್ಚು ನಂಬುತ್ತಾರೆ, ಎದುರಾಳಿ ಬಂದೊಡನೆ ಅನುಮಾನಿಸುತ್ತಾರೆ. 2016ರ ನವೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಅಧ್ಯಕ್ಷ ಚುನಾವಣೆ ಗೆದ್ದ ಕೆಲವೇ ದಿನಗಳಲ್ಲಿ, ದೇಶದ ಆರ್ಥಿಕತೆಯ ಬಗ್ಗೆ ರಿಪಬ್ಲಿಕನ್ ಬೆಂಬಲಿಗರ ಅಭಿಪ್ರಾಯ ದಿಢೀರನೆ ಸುಧಾರಿಸಿತು. ಆಗಿನ್ನೂ ಡೆಮಾಕ್ರಾಟಿಕ್ ಪಕ್ಷದ ಒಬಾಮ ಅಧಿಕಾರದಲ್ಲಿದ್ದರು. ಸಂಬಳವಾಗಲಿ ದಿನಸಿಯ ಬೆಲೆಯಾಗಲಿ ಅಷ್ಟರಲ್ಲಿ ಬದಲಾಗಿರಲಿಲ್ಲ.

ಪಕ್ಷಗಳ ನಡುವಿನ ಈ ಒಡಕನ್ನು ಅಳೆಯಲು ಸಂಶೋಧಕರು ‘ಭಾವನೆಯ ಥರ್ಮಾಮೀಟರ್’ ಬಳಸುತ್ತಾರೆ. ಒಂದು ಪಕ್ಷದ ಬಗ್ಗೆ ಎಷ್ಟು ಅಕ್ಕರೆಯಿದೆ ಎಂಬುದಕ್ಕೆ ಸೊನ್ನೆಯಿಂದ ನೂರರೊಳಗೆ ಅಂಕ ಕೊಡಬೇಕು. ಸ್ವಪಕ್ಷಕ್ಕೂ ಎದುರು ಪಕ್ಷಕ್ಕೂ ಕೊಟ್ಟ ಅಂಕಗಳ ಅಂತರ 1978ರಲ್ಲಿ ಸುಮಾರು 27 ಇತ್ತು. 2020ರ ಹೊತ್ತಿಗೆ 56ಕ್ಕೆ ಏರಿತು. ತಮ್ಮ ಪಕ್ಷದ ಮೇಲಿನ ಪ್ರೀತಿ ಉಕ್ಕಿದ್ದರಿಂದ ಹೀಗಾದದ್ದಲ್ಲ, ಎದುರಿನವರ ಮೇಲಿನ ಅಸಹನೆ ಬೆಳೆದದ್ದರಿಂದ.

ಇದರ ಪರಿಣಾಮ ಆಡಳಿತಕ್ಕೂ ತಟ್ಟುತ್ತದೆ ಎನ್ನುತ್ತಾರೆ ರಾಜ್ಯಶಾಸ್ತ್ರಜ್ಞರಾದ ಮಾರ್ಕ್ ಹೆದರಿಂಗ್ಟನ್ ಮತ್ತು ಥಾಮಸ್ ರುಡಾಲ್ಫ್. ತಮಗೆ ಒಪ್ಪಿಗೆಯಾಗದ ಕಾನೂನನ್ನೂ ಸರ್ಕಾರದ ಮೇಲೆ ಭರವಸೆಯಿದ್ದರೆ ಜನ ಸಹಿಸಿಕೊಳ್ಳುತ್ತಾರೆ. ಆ ಭರವಸೆ ಇಲ್ಲದಾಗ ರಾಜಿಗೆ ಬನ್ನಿ ಎಂದು ತಮ್ಮ ಪ್ರತಿನಿಧಿಗಳನ್ನು ಒತ್ತಾಯಿಸುವವರೇ ಇರುವುದಿಲ್ಲ. ಮಸೂದೆಗಳು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲೇ ಕೊಳೆಯುತ್ತವೆ; ‘ಈ ಸರ್ಕಾರದಿಂದ ಏನೂ ಆಗದು’ ಎಂಬ ಬೇಸರ ಇನ್ನಷ್ಟು ಬಲಿಯುತ್ತದೆ.

ಹಾಗಾದರೆ ಎದುರಿನವರು ನಿಜಕ್ಕೂ ಅಷ್ಟು ಬೇರೆಯವರೇ? ಸಂಶೋಧಕರಾದ ಡಗ್ಲಸ್ ಆಹ್ಲರ್ ಮತ್ತು ಗೌರವ್ ಸೂದ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರಿಶೀಲಿಸಿತು. ರಿಪಬ್ಲಿಕನ್ನರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ಗಿಂತ ಹೆಚ್ಚು ಗಳಿಸುವವರು ಶೇ 38ರಷ್ಟಿರಬಹುದು ಎಂದು ಜನ ಅಂದಾಜಿಸಿದರು. ವಾಸ್ತವದಲ್ಲಿ ಇದ್ದದ್ದು ಶೇ 2. ಡೆಮಾಕ್ರಾಟರ ಕುರಿತ ಊಹೆಗಳೂ ಹೀಗೇ ಹಳಿ ತಪ್ಪಿದ್ದವು. ನಿಜವಾದ ಅಂಕಿ ತಿಳಿಸಿದಾಗ ಎದುರು ಪಕ್ಷದವರು ಅಷ್ಟೇನೂ ಉಗ್ರರಲ್ಲವೆಂದು ಜನರಿಗೆ ತೋರಿತು, ದೂರದ ಭಾವವೂ ಕುಗ್ಗಿತು. ನೀತಿಯ ಭಿನ್ನಾಭಿಪ್ರಾಯ ಪ್ರಜಾಪ್ರಭುತ್ವದಲ್ಲಿ ಇರಲೇಬೇಕು; ಆದರೆ ದ್ವೇಷದ ಒಂದು ಪಾಲು ನಿಂತಿರುವುದು ಇಂಥ ತಪ್ಪು ಲೆಕ್ಕದ ಮೇಲೆ. ಅಷ್ಟನ್ನಾದರೂ ತಿದ್ದಬಹುದು.