ಮನೆಯಿಂದ ಹತ್ತು ನಿಮಿಷ

ಶಾಲಾಕಾಲೇಜುಗಳು ಆರಂಭವಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆಯನ್ನು ಅರಸುವವರ ಓಡಾಟ ಹೆಚ್ಚಾಗುತ್ತದೆ. ತಂದೆಗೆ ವರ್ಗವಾಗಿರುತ್ತದೆ, ಇಲ್ಲವೆ ಮಗಳಿಗೆ ಕಾಲೇಜಿನಲ್ಲಿ ಸ್ಥಳ ದೊರೆತಿರುತ್ತದೆ. ಹಾಸನದಿಂದಲೋ ಚಿತ್ರದುರ್ಗದಿಂದಲೋ ಬಂದ ಕುಟುಂಬದವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಒಂದೇ ಬಗೆಯವು: ಬಾಡಿಗೆ ಎಷ್ಟು, ಮುಂಗಡವೆಷ್ಟು, ಕಾವೇರಿ ನೀರು ಬರುತ್ತದೆಯೆ, ವಾಹನ ನಿಲ್ಲಿಸಲು ಸ್ಥಳವಿದೆಯೆ? ಈ ಮನೆಯಿಂದ ಎಲ್ಲೆಲ್ಲಿಗೆ ನಡೆದು ಹೋಗಬಹುದು ಎಂದು ಕೇಳುವವರು ವಿರಳ.

ಈ ಪ್ರಶ್ನೆಯೇನೂ ಅಲ್ಪವಾದುದಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಹೀಗಿದ್ದರೂ ಮನೆಯಲ್ಲಿರುವ ಎಲ್ಲರೂ ವಾಹನ ನಡೆಸುವವರಲ್ಲ. ಊರಿನಲ್ಲಿದ್ದಾಗ ತರಕಾರಿಗೂ ದೇವಸ್ಥಾನಕ್ಕೂ ತಾವೇ ಹೋಗಿಬರುತ್ತಿದ್ದ ಅಜ್ಜಿ, ಹೊಸ ಮನೆಯಲ್ಲಿ ಒಂದು ಮಾತ್ರೆಯನ್ನು ತರುವುದಕ್ಕೂ ಮೊಮ್ಮಗನ ಸ್ಕೂಟರಿಗಾಗಿ ಕಾಯಬೇಕಾದರೆ, ಆಕೆ ಕಳೆದುಕೊಂಡದ್ದು ಕೇವಲ ಅನುಕೂಲವನ್ನಲ್ಲ, ಸ್ವಾತಂತ್ರ್ಯವನ್ನು. ಶಾಲೆಗೆ ಹೋಗುವ ಬಾಲಕನ ಪಾಡೂ ಇದೇ. ಆದುದರಿಂದ ನಡೆಯಲು ಯೋಗ್ಯವಾದ ಬಡಾವಣೆಯನ್ನು ಗುರುತಿಸುವ ಬಗೆ ಹೇಗೆಂಬುದನ್ನು ಸ್ವಲ್ಪ ಗಣಿತದ ನೆರವಿನಿಂದ ವಿಚಾರಿಸೋಣ.

ನೇರ ದೂರ, ನಡೆಯುವ ದೂರ

ಆರೋಗ್ಯವಂತನಾದ ಮನುಷ್ಯನು ಅವಸರವಿಲ್ಲದೆ ನಡೆದರೆ ನಿಮಿಷಕ್ಕೆ ಸುಮಾರು 80 ಮೀಟರು ಸಾಗುತ್ತಾನೆ. ಹತ್ತು ನಿಮಿಷಕ್ಕೆ 800 ಮೀಟರು. ಮನೆಯನ್ನು ಕೇಂದ್ರವಾಗಿಟ್ಟುಕೊಂಡು ಈ ಅಳತೆಯ ತ್ರಿಜ್ಯದಿಂದ ವೃತ್ತವನ್ನೆಳೆದರೆ ಅದರ ವಿಸ್ತೀರ್ಣ ಸುಮಾರು 2 ಚದರ ಕಿಲೋಮೀಟರು. ಆದರೆ ನಾವು ಹಕ್ಕಿಗಳಂತೆ ಮನೆಗಳ ಮೇಲೆ ಹಾರಿ ಹೋಗುವವರಲ್ಲ. ಬೀದಿ ಹೋದಂತೆ ನಾವೂ ಹೋಗಬೇಕು.

ಬೆಂಗಳೂರಿನ ಬಡಾವಣೆಗಳ ವಿಳಾಸಗಳಲ್ಲಿ ‘ಮೇನ್’ ಮತ್ತು ‘ಕ್ರಾಸ್’ ಎಂಬ ಮಾತುಗಳು ಬರುತ್ತವಷ್ಟೆ. ಮೇನ್‌ಗಳು ಒಂದು ದಿಕ್ಕಿಗೆ, ಕ್ರಾಸ್‌ಗಳು ಅವನ್ನು ಅಡ್ಡಹಾಯುವ ದಿಕ್ಕಿಗೆ. ಮೂರನೆಯ ಮೇನ್, ಏಳನೆಯ ಕ್ರಾಸ್ ಎಂದರೆ ಗ್ರಾಫ್ ಕಾಗದದ ಮೇಲೆ ಒಂದು ಬಿಂದುವನ್ನು ಗುರುತಿಸಿದಂತೆಯೇ. ಇಂಥ ಚೌಕುಳಿಯ ಬೀದಿಗಳಲ್ಲಿ ಹತ್ತು ನಿಮಿಷ ನಡೆದು ತಲಪಬಹುದಾದ ಪ್ರದೇಶವು ವೃತ್ತವಲ್ಲ, ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ. ಅದರ ಕರ್ಣಗಳು 1,600 ಮೀಟರು, ವಿಸ್ತೀರ್ಣ 1.28 ಚದರ ಕಿಲೋಮೀಟರು. ವೃತ್ತದ ನೂರರಲ್ಲಿ 64 ಪಾಲು ನಮ್ಮದಾಯಿತು. ಇದು ಒಳ್ಳೆಯ ಫಲವೆಂದೇ ತಿಳಿಯಬೇಕು. ಬೀದಿಗಳು ಮುಂದೆ ದಾರಿಯಿಲ್ಲದೆ ಗೋಡೆಗೆ ಮುಟ್ಟಿ ನಿಲ್ಲುವ ಬಡಾವಣೆಯಲ್ಲಿ, ಅಥವಾ ಸುತ್ತಲೂ ಕಾಂಪೌಂಡಿದ್ದು ಒಂದೇ ಬಾಗಿಲುಳ್ಳ ವಸತಿಸಮುಚ್ಚಯದಲ್ಲಿ ಇಷ್ಟು ಕೂಡ ದೊರೆಯುವುದಿಲ್ಲ. ಹಿತ್ತಿಲಿನ ಗೋಡೆಯಾಚೆ ಕಾಣುವ ಅಂಗಡಿಗೆ ಅರ್ಧ ಕಿಲೋಮೀಟರು ಸುತ್ತಬೇಕಾಗಬಹುದು.

ಎರಡು ನಿಮಿಷದ ಬೆಲೆ

ಈಗ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ದೊಡ್ಡ ರಸ್ತೆಯ ದೀಪಸ್ತಂಭದ ಬಳಿ 120 ಸೆಕೆಂಡುಗಳ ಒಂದು ಆವರ್ತದಲ್ಲಿ ನಡೆಯುವವರಿಗೆ 30 ಸೆಕೆಂಡು ಮಾತ್ರ ಹಸಿರು ದೀಪವಿದೆಯೆಂದು ಭಾವಿಸೋಣ. ನಾಲ್ಕು ಸಲ ಬಂದರೆ ಮೂರು ಸಲ ಕೆಂಪು ದೀಪವೇ ಎದುರಾಗುತ್ತದೆ; ಆಗ ಸರಾಸರಿ 45 ಸೆಕೆಂಡು ಕಾಯಬೇಕು. ಒಟ್ಟಿನ ಸರಾಸರಿ ಸುಮಾರು 34 ಸೆಕೆಂಡು. ದೀಪವಿಲ್ಲದ ಕಡೆ ವಾಹನಗಳ ನಡುವೆ ಬಿಡುವಿಗಾಗಿ ಕಾಯುವುದು ಇದಕ್ಕಿಂತಲೂ ದೀರ್ಘವಾಗಬಹುದು. ರಸ್ತೆ ದಾಟುವುದರಲ್ಲಿಯೇ ಎರಡು ನಿಮಿಷ ಕಳೆದರೆ ಉಳಿಯುವುದು ಎಂಟು ನಿಮಿಷ, ಅಂದರೆ 640 ಮೀಟರಿನ ನಡಿಗೆ. ನಮ್ಮ ಚೌಕದ ವಿಸ್ತೀರ್ಣವು 0.82 ಚದರ ಕಿಲೋಮೀಟರಿಗೆ ಇಳಿಯುತ್ತದೆ. ಕಾಲದಲ್ಲಿ ಐದನೆಯ ಒಂದು ಪಾಲು ಕಳೆಯಿತು. ಪ್ರದೇಶದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಳೆಯಿತು! ವಿಸ್ತೀರ್ಣವು ದೂರದ ವರ್ಗವನ್ನು ಅನುಸರಿಸುವುದೇ ಇದಕ್ಕೆ ಕಾರಣ.

ಅಜ್ಜಿಯ ವಿಷಯದಲ್ಲಿ ಈ ನಿಯಮ ಇನ್ನೂ ಕಠಿನವಾಗಿದೆ. ಆಕೆ ನಿಮಿಷಕ್ಕೆ 60 ಮೀಟರು ನಡೆದಾರು. ಹತ್ತು ನಿಮಿಷಕ್ಕೆ ಆಕೆಗೆ ದಕ್ಕುವ ಚೌಕ 0.72 ಚದರ ಕಿಲೋಮೀಟರು. ತರುಣನ ಚೌಕದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಇದರಲ್ಲಿ ಎರಡು ನಿಮಿಷವನ್ನು ರಸ್ತೆ ದಾಟುವುದಕ್ಕೆ ಕಳೆದರೆ ಉಳಿಯುವುದು 0.46. ತರುಣನಿಗೆ ಸಣ್ಣ ತೊಡಕಾಗಿ ತೋರುವುದು ವೃದ್ಧರಿಗೆ ಊರನ್ನೇ ಕಿರಿದಾಗಿಸುತ್ತದೆ.

ಅಪಾಯದ ಲೆಕ್ಕವೂ ವರ್ಗದ ಲೆಕ್ಕವೇ. ವಾಹನದ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಯೆಂಬುದು ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಚಾಲಕನು ಎಚ್ಚೆತ್ತು ಬ್ರೇಕನ್ನು ಒತ್ತುವುದಕ್ಕೆ ಒಂದು ಸೆಕೆಂಡು ಹಿಡಿಯುವುದೆಂದೂ, ಒಣ ರಸ್ತೆಯಲ್ಲಿ ಬ್ರೇಕು ಚೆನ್ನಾಗಿ ಹಿಡಿಯುವುದೆಂದೂ ಎಣಿಸಿದರೆ, ಗಂಟೆಗೆ 30 ಕಿಲೋಮೀಟರು ವೇಗದ ಕಾರು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 60 ಕಿಲೋಮೀಟರು ವೇಗದ್ದಕ್ಕೆ ಸುಮಾರು 37 ಮೀಟರು ಬೇಕು. ವಾಹನಗಳು ಮೆಲ್ಲನೆ ಹೋಗಲೇಬೇಕಾದ ಇಕ್ಕಟ್ಟಿನ ಒಳಬೀದಿಯು ವಿಶಾಲವಾದ ಹೆದ್ದಾರಿಗಿಂತ ಕ್ಷೇಮವೆನಿಸುವುದು ಈ ಕಾರಣದಿಂದಲೇ.

ಅಮೆರಿಕದ ಕ್ಲಾರೆನ್ಸ್ ಪೆರಿ ಎಂಬಾತನು 1929ರಲ್ಲಿ ಪ್ರತಿಪಾದಿಸಿದ ‘ನೆರೆಹೊರೆಯ ಘಟಕ’ವೂ ಇದೇ ತತ್ತ್ವವನ್ನು ಆಧರಿಸಿದೆ. ಶಾಲೆಯು ನಡುವೆ ಇರಬೇಕು. ಮನೆಗಳು ಅದರಿಂದ ಸುಮಾರು 400 ಮೀಟರಿನೊಳಗೆ ಇರಬೇಕು. ದೊಡ್ಡ ರಸ್ತೆಗಳು ಅಂಚಿನಲ್ಲಿ ಸಾಗಬೇಕೇ ಹೊರತು ನಡುವೆ ಹಾಯಬಾರದು. ಮಗುವು ದೊಡ್ಡ ರಸ್ತೆಯನ್ನು ದಾಟದೆ ಶಾಲೆಯನ್ನು ಸೇರಬೇಕೆಂಬುದೇ ಆತನ ಉದ್ದೇಶ.

ಆರ್‌ಪಿಸಿ ಲೇಔಟಿನಲ್ಲಿ

ಇನ್ನು ಈ ಸೂತ್ರಗಳನ್ನು ಒಂದು ಸ್ಥಳಕ್ಕೆ ಅನ್ವಯಿಸಿ ನೋಡೋಣ. ಪಶ್ಚಿಮ ಬೆಂಗಳೂರಿನ ವಿಜಯನಗರಕ್ಕೆ ಹೊಂದಿಕೊಂಡು ಆರ್‌ಪಿಸಿ ಲೇಔಟ್ ಇದೆ. ವಿಳಾಸಗಳಲ್ಲಿ ಹಂಪಿನಗರವೆಂಬ ಹೆಸರೂ ಇದರ ಜೊತೆಯಲ್ಲಿ ಬರುವುದುಂಟು. ವಿಜಯನಗರ ಮತ್ತು ಅತ್ತಿಗುಪ್ಪೆ ಮೆಟ್ರೋ ನಿಲ್ದಾಣಗಳು ಸಮೀಪದಲ್ಲಿವೆ. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ 2015ರ ನವೆಂಬರಿನಲ್ಲಿ ರೈಲು ಓಡಲು ಆರಂಭಿಸಿತು. 2016ರ ಏಪ್ರಿಲಿನಲ್ಲಿ ಸುರಂಗಭಾಗವು ತೆರೆದು ಮೆಜೆಸ್ಟಿಕ್ಕಿಗೂ ವಿಧಾನಸೌಧಕ್ಕೂ ಸಂಪರ್ಕ ದೊರೆಯಿತು. 2021ರ ಆಗಸ್ಟಿನಲ್ಲಿ ಕೆಂಗೇರಿಗೂ, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೂ ಮಾರ್ಗ ಮುಂದುವರಿಯಿತು. ಹೀಗೆ ನಿಲ್ದಾಣವನ್ನು ನಡೆದು ಸೇರಬಲ್ಲವನಿಗೆ ನಗರದ ದೂರದ ಭಾಗಗಳೂ ನಡಿಗೆಯ ಮುಂದುವರಿದ ಭಾಗವಾಗುತ್ತವೆ.

ಆದರೆ ಹೆಸರನ್ನು ನಂಬಿ ಮನೆ ಹಿಡಿಯಬಾರದು. ಒಂದೇ ಬಡಾವಣೆಯಲ್ಲಿ ಎರಡು ಬೀದಿಗಳ ಗುಣ ಬೇರೆಬೇರೆಯಾಗಿರಬಹುದು. ನಿಲ್ದಾಣಗಳಿರುವ ಕಾರ್ಡ್ ರಸ್ತೆಯು ವಾಹನಗಳಿಂದ ತುಂಬಿದ ದೊಡ್ಡ ರಸ್ತೆ. ಅದರ ಯಾವ ಬದಿಯಲ್ಲಿ ಮನೆ, ಯಾವ ಬದಿಯಲ್ಲಿ ಶಾಲೆ ಎಂಬುದನ್ನು ನೋಡಬೇಕು. ಬೆಳಗ್ಗೆ ಎಂಟಕ್ಕೊಮ್ಮೆ, ಕತ್ತಲಾದ ಮೇಲೊಮ್ಮೆ, ಸಾಧ್ಯವಾದರೆ ಮಳೆಯಲ್ಲೊಮ್ಮೆ ಮನೆಯಿಂದ ನಡೆದು ನೋಡಬೇಕು. ಹಾಲು, ತರಕಾರಿ, ಔಷಧ, ವೈದ್ಯರು, ಶಾಲೆ, ಬಸ್ಸು, ಉದ್ಯಾನ ಇವುಗಳಿಗೆ ಎಷ್ಟೆಷ್ಟು ನಿಮಿಷವೆಂದು ಗಡಿಯಾರ ಹಿಡಿದು ಬರೆದುಕೊಳ್ಳಬೇಕು. ಮನೆಯ ಹಿರಿಯರು ಜೊತೆಗಿದ್ದು, ಅವರ ಹೆಜ್ಜೆಗೆ ಹೊಂದಿಕೊಂಡು ನಡೆದರೆ ಲೆಕ್ಕ ಇನ್ನೂ ಸರಿಯಾಗುತ್ತದೆ.

ಫುಟ್‌ಪಾತನ್ನೂ ಪರೀಕ್ಷಿಸಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಸೂಚನೆಗಳ ಪ್ರಕಾರ ಅದರಲ್ಲಿ ಅಡೆತಡೆಯಿಲ್ಲದ ಅಗಲ 1.8 ಮೀಟರಾದರೂ ಇರಬೇಕು. ಅಂಚಿನ ಎತ್ತರ 15 ಸೆಂಟಿಮೀಟರನ್ನು ಮೀರಬಾರದು. ಟ್ರಾನ್ಸ್‌ಫಾರ್ಮರು, ನಿಂತ ಸ್ಕೂಟರು, ಚರಂಡಿಯ ಮೇಲಿನ ಮುರಿದ ಚಪ್ಪಡಿ ಇವುಗಳಿಂದ ಎಷ್ಟು ಕಡೆ ರಸ್ತೆಗೆ ಇಳಿಯಬೇಕಾಯಿತೆಂದು ಎಣಿಸಿದರೆ ನಿಜಸ್ಥಿತಿ ತಿಳಿಯುತ್ತದೆ.

ನಿಲ್ದಾಣದ ಸಮೀಪದ ಮನೆಗೆ ಬಾಡಿಗೆ ಹೆಚ್ಚೆಂಬುದು ನಿಜ. ಆದರೆ ದೂರದ ಅಗ್ಗದ ಮನೆಯಿಂದ ಹೋಗುವಾಗ 25 ನಿಮಿಷ, ಬರುವಾಗ 25 ನಿಮಿಷ ಹೆಚ್ಚಾಗಿ ಹಿಡಿದರೆ, ತಿಂಗಳಿನ 25 ಕೆಲಸದ ದಿನಗಳಿಗೆ ಸುಮಾರು 21 ಗಂಟೆಗಳಾದುವು. ಈ ಗಂಟೆಗಳನ್ನೂ ಪೆಟ್ರೋಲಿನ ಹಣವನ್ನೂ ಉಳಿದ ಬಾಡಿಗೆಯ ಎದುರಿಗಿಟ್ಟು ತೂಗಿದ ಮೇಲೆಯೇ ಅಗ್ಗ ಯಾವುದೆಂದು ನಿರ್ಧರಿಸಬೇಕು.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ತಮ್ಮ ಮನೆಯಿಂದ ನಾಲ್ಕು ದಿಕ್ಕಿಗೂ ಹತ್ತು ಹತ್ತು ನಿಮಿಷ ನಡೆದು, ತಲಪಿದ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿ ಗೆರೆಯಿಂದ ಜೋಡಿಸಲಿ. ಮರುದಿನ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಅದನ್ನೇ ಮಾಡಿ, ಎರಡನೆಯ ಗೆರೆಯನ್ನೆಳೆಯಲಿ. ಒಳಗಿನ ಆ ಸಣ್ಣ ಆಕೃತಿಯಲ್ಲಿ ಏನೇನಿದೆಯೋ ಅದೇ ಅವರ ಬೆಂಗಳೂರು.