ಮೊರೆಯೆಂಬ ಪ್ರಾರ್ಥನೆ

ಕನ್ನಡದಲ್ಲಿ ‘ಮೊರೆ’ ಎಂಬುದೊಂದು ಪುಟ್ಟ ಪದ. ನೊಂದವನು ಮೊರೆಯಿಡುತ್ತಾನೆ, ದಿಕ್ಕಿಲ್ಲದವನು ಮೊರೆಹೋಗುತ್ತಾನೆ. ಮೊದಲನೆಯದು ಅಳಲು, ದೂರು. ಎರಡನೆಯದು ಆಶ್ರಯ, ಶರಣು. ಒಂದೇ ಪದ ಈ ಎರಡು ಭಾವಗಳನ್ನೂ ಮಡಿಲಲ್ಲಿಟ್ಟುಕೊಂಡಿದೆ. ಯೋಚಿಸಿ ನೋಡಿದರೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಯಾರಲ್ಲಿ ಆಶ್ರಯವನ್ನು ಬಯಸುತ್ತೇವೆಯೋ ಅವರೆದುರಿಗಲ್ಲವೆ ನಾವು ಗೋಳು ಹೇಳಿಕೊಳ್ಳುವುದು? ಬೀದಿಯಲ್ಲಿ ಹೋಗುವ ಅಪರಿಚಿತನನ್ನು ತಡೆದು, ‘ನನಗೆ ಕಷ್ಟ ಬಂದಾಗ ನೀನೆಲ್ಲಿದ್ದೆ?’ ಎಂದು ಯಾರೂ ಕೇಳುವುದಿಲ್ಲ. ತಂದೆಯನ್ನು ಕೇಳುತ್ತೇವೆ, ಒಡಹುಟ್ಟಿದವರನ್ನು ಕೇಳುತ್ತೇವೆ, ಜೀವದ ಗೆಳೆಯನನ್ನು ಕೇಳುತ್ತೇವೆ.

ದೇವರ ಮುಂದೆ ನಿಂತಾಗ ಮಾತ್ರ ಈ ಸರಳ ಸತ್ಯ ಮರೆತುಹೋಗುತ್ತದೆ. ಮನೆಯಲ್ಲಿ ಸಾವಾಗಿದೆ, ಅಥವಾ ಮನೆಗೆ ಆಧಾರವಾಗಿದ್ದವನ ಕೆಲಸ ಹೋಗಿದೆ, ಅಥವಾ ಇನ್ನು ತಮ್ಮ ಕೈಯಲ್ಲೇನೂ ಇಲ್ಲವೆಂದು ವೈದ್ಯರು ಹೇಳಿಬಿಟ್ಟಿದ್ದಾರೆ. ನೋಡಲು ಬಂದವರು ‘ಎಲ್ಲವೂ ದೇವರ ಚಿತ್ತ’ ಎಂದು ಸಮಾಧಾನ ಹೇಳುತ್ತಾರೆ. ನೊಂದವರು ಹೌದೆಂದು ತಲೆದೂಗುತ್ತಾರೆ. ಆದರೆ ಒಳಗೆ ಬೇರೆಯೇ ಮಾತು ಕುದಿಯುತ್ತಿರುತ್ತದೆ. ಅದನ್ನು ಆಡಿದರೆ ಪಾಪವೆಂಬ ಅಂಜಿಕೆ. ಆಡದೆ ಹೋದರೆ ಕೈಮುಗಿದು ಹೇಳುವುದೆಲ್ಲ ಸುಳ್ಳೆಂಬ ಅಳುಕು. ಈ ಇಕ್ಕಟ್ಟಿನಲ್ಲಿ ಸಿಕ್ಕಿದ ಎಷ್ಟೋ ಮಂದಿ ಸದ್ದಿಲ್ಲದೆ ಪ್ರಾರ್ಥನೆಯನ್ನೇ ಬಿಟ್ಟುಬಿಡುತ್ತಾರೆ.

ಎಲ್ಲ ಮತದವರಿಗೂ ಪರಿಚಿತವಾದ ಇಕ್ಕಟ್ಟು ಇದು. ಕ್ರೈಸ್ತ ಮತವು ಇದಕ್ಕೆ ಕೊಟ್ಟಿರುವ ಉತ್ತರ ಮಾತ್ರ ಹೊರಗಿನವರಿಗಿರಲಿ, ಎಷ್ಟೋ ವೇಳೆ ಕ್ರೈಸ್ತರಿಗೂ ಸೋಜಿಗವೆನಿಸುವಂಥದು. ಆ ಕುದಿಯುವ ಮಾತನ್ನೇ ದೇವರ ಮುಂದಿಡಬಹುದು, ಅದೂ ಪ್ರಾರ್ಥನೆಯೇ ಎಂದು ಅದರ ಧರ್ಮಗ್ರಂಥವು ಒಂದು ಕಡೆಯಲ್ಲ, ಹತ್ತಾರು ಕಡೆ ತೋರಿಸಿಕೊಡುತ್ತದೆ.

ಸ್ತುತಿಯ ಹೊತ್ತಗೆಯಲ್ಲಿ ಅಳಲು

ಬೈಬಲಿನ ನಡುಭಾಗದಲ್ಲಿ ನೂರೈವತ್ತು ಹಾಡುಗಳ ಸಂಗ್ರಹವೊಂದಿದೆ. ಹೀಬ್ರೂ ಭಾಷೆಯಲ್ಲಿ ಅದರ ಹೆಸರು ‘ತೆಹಿಲ್ಲೀಮ್’, ಎಂದರೆ ಸ್ತುತಿಗಳು. ಕನ್ನಡ ಬೈಬಲಿನಲ್ಲಿ ಅದು ‘ಕೀರ್ತನೆಗಳು’ ಎಂಬ ಹೆಸರಿನಿಂದ ಪರಿಚಿತವಾಗಿದೆ. ನಮ್ಮ ಹರಿದಾಸರ ಹಾಡುಗಳಿಗೆ ಸಂದ ಹೆಸರೇ ಇದಕ್ಕೂ ಸಂದಿದೆ. ಹೆಸರನ್ನು ನೋಡಿ ಪುಟ ತೆರೆದವರಿಗೆ ಅಚ್ಚರಿ ಕಾದಿದೆ. ಈ ಸ್ತುತಿಗ್ರಂಥದ ಮೂರರಲ್ಲೊಂದು ಭಾಗದಷ್ಟಾದರೂ ಅಳಲಿನ ಹಾಡು. ಜರ್ಮನಿಯ ವಿದ್ವಾಂಸ ಹರ್ಮನ್ ಗುಂಕೆಲ್ (1862–1932) ಈ ಕೀರ್ತನೆಗಳನ್ನು ಅವುಗಳ ರೂಪಕ್ಕೆ ತಕ್ಕಂತೆ ವಿಂಗಡಿಸಿದಾಗ ವ್ಯಕ್ತಿಯೊಬ್ಬನ ಶೋಕಗೀತೆಗಳದೇ ದೊಡ್ಡ ಗುಂಪಾಗಿ ಕಂಡುಬಂದಿತು.

ಈ ಹಾಡುಗಳಿಗೆ ಬಹುಮಟ್ಟಿಗೆ ಒಂದು ನಡಿಗೆಯಿದೆ. ಮೊದಲು ದೇವರನ್ನು ಕೂಗಿ ಕರೆಯುವುದು, ಬಳಿಕ ಸಂಕಟವನ್ನು ಮರೆಮಾಚದೆ ತೋಡಿಕೊಳ್ಳುವುದು, ಆಮೇಲೆ ಬೇಡಿಕೆ, ಕೊನೆಗೆ ನಂಬುಗೆಯ ಒಂದು ಮಾತು. 13ನೆಯ ಕೀರ್ತನೆ ಇದಕ್ಕೊಂದು ಒಳ್ಳೆಯ ನಿದರ್ಶನ. ಆರೇ ವಚನಗಳ ಆ ಪುಟ್ಟ ಹಾಡಿನ ಆರಂಭದಲ್ಲಿ, ಇದು ಇನ್ನೆಷ್ಟು ಕಾಲವೆಂಬ ಪ್ರಶ್ನೆ ನಾಲ್ಕು ಸಲ ದೇವರ ಬಾಗಿಲನ್ನು ಬಡಿಯುತ್ತದೆ. ಆದರೂ ಹಾಡು ಮುಗಿಯುವುದು ಹರ್ಷದಲ್ಲಿ. 44ನೆಯದು ಸೋತು ನೆಲಕಚ್ಚಿದ ಇಡೀ ಜನಾಂಗದ ಹಾಡು. ನಿದ್ರಿಸುವವನನ್ನು ಎಬ್ಬಿಸುವಂತೆ ಅದು ದೇವರನ್ನು ಎಬ್ಬಿಸುತ್ತದೆ.

ಎಲ್ಲ ಹಾಡುಗಳೂ ಹೀಗೆ ಹರ್ಷದಲ್ಲಿಯೋ ನಂಬುಗೆಯಲ್ಲಿಯೋ ಮುಗಿಯುತ್ತವೆ ಎಂದುಕೊಳ್ಳುವಂತಿಲ್ಲ. 88ನೆಯ ಕೀರ್ತನೆಯನ್ನು ಓದಿದವರು ಅದನ್ನು ಸುಲಭವಾಗಿ ಮರೆಯಲಾರರು. ಹೇಮಾನನೆಂಬವನ ಹೆಸರಿನಲ್ಲಿರುವ ಆ ಹಾಡಿನಲ್ಲಿ ಬಿಡುಗಡೆಯಿಲ್ಲ, ಸಮಾಧಾನವಿಲ್ಲ. ಹಾಡುವವನು ಹಗಲಿರುಳೂ ಕೂಗಿದ್ದಾನೆ, ಬೆಳಗಾದೊಡನೆ ಪ್ರಾರ್ಥಿಸಿದ್ದಾನೆ, ಉತ್ತರ ಬಂದಿಲ್ಲ. ಆಪ್ತರು ದೂರವಾಗಿದ್ದಾರೆ. ಮೂಲದಲ್ಲಿ ಆ ಹಾಡಿನ ಕಟ್ಟಕಡೆಯ ಪದವೇ ‘ಕತ್ತಲೆ’. ಧರ್ಮಗ್ರಂಥವನ್ನು ಜೋಡಿಸಿದ ಹಿರಿಯರು ಇದನ್ನು ಕೈಬಿಡಬಹುದಾಗಿತ್ತು. ಕಡೆಗೆ ಭರವಸೆಯ ಒಂದು ಸಾಲನ್ನಾದರೂ ಸೇರಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಕತ್ತಲೆಯಲ್ಲಿ ನಿಂತವನ ಬಾಯಲ್ಲಿ ಬೆಳಕಿನ ಸುಳ್ಳು ಮಾತನ್ನು ತುರುಕಬಾರದೆಂಬ ಔಚಿತ್ಯ ಅವರಿಗಿತ್ತು.

ನಮ್ಮಲ್ಲಿಯೂ ದೇವರನ್ನು ಬೈದು ಹಾಡುವ ಸಂಪ್ರದಾಯವಿದೆ. ದಾಸರ ನಿಂದಾಸ್ತುತಿಗಳನ್ನು ಕೇಳದ ಕನ್ನಡಿಗರಾರು? ಆದರೆ ನಿಂದಾಸ್ತುತಿಯಲ್ಲಿ ಹೊರಗೆ ನಿಂದೆ, ಒಳಗೆ ಹೊಗಳಿಕೆ. ಅದು ಸಲುಗೆಯ ವಿನೋದ. ಈ ಶೋಕಗೀತೆಗಳಲ್ಲಿ ಅಂಥ ಮುಸುಕಿಲ್ಲ. ದೂರು ದೂರಾಗಿಯೇ ನಿಲ್ಲುತ್ತದೆ. ಎರಡರ ಹಿಂದೆಯೂ ಇರುವ ಸಲುಗೆ ಮಾತ್ರ ಒಂದೇ.

ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ತನ್ನ ಮಠದವರಿಗೆ ಕಟ್ಟಳೆಗಳನ್ನು ಬರೆದಾಗ, ನೂರೈವತ್ತು ಕೀರ್ತನೆಗಳನ್ನೂ ವಾರಕ್ಕೊಮ್ಮೆ ಪೂರ್ತಿಯಾಗಿ ಪಠಿಸಬೇಕೆಂದು ವಿಧಿಸಿದನು. ಇದರ ಫಲವನ್ನು ನೋಡಿ: ಸುಖವಾಗಿರುವವನೂ ವಾರಕ್ಕೊಮ್ಮೆ ಆ ಕತ್ತಲೆಯ ಹಾಡನ್ನು ಹಾಡಲೇಬೇಕು. ಇಂದು ತನಗೆ ಅಳಲಿಲ್ಲದಿದ್ದರೆ ಅಳುತ್ತಿರುವ ಬೇರೆ ಯಾರದೋ ಪರವಾಗಿ ಹಾಡಿದಂತಾಯಿತು. ತನ್ನ ಸರದಿ ಬಂದಾಗ ಮಾತಿಗೆ ತಡಕಾಡಬೇಕಾಗುವುದಿಲ್ಲ.

ಹನ್ನಳ ತುಟಿಗಳು

ಬೈಬಲಿನ ಕಥೆಗಳಲ್ಲಿ ಹನ್ನಳದು ನಮ್ಮ ಮನೆಗಳಿಗೆ ತೀರ ಹತ್ತಿರವಾದ ಕಥೆ. ಆಕೆಗೆ ಮಕ್ಕಳಿಲ್ಲ. ಸವತಿ ಪೆನಿನ್ನಳಿಗೆ ಮಕ್ಕಳಿದ್ದಾರೆ. ಆಕೆಯ ಚುಚ್ಚುಮಾತಿಗೆ ಕೊನೆಯಿಲ್ಲ. ಗಂಡ ಎಲ್ಕಾನನು ಒಳ್ಳೆಯವನು. ಆದರೆ ತಾನಿರುವಾಗ ಹೆಂಡತಿಗೆ ಇನ್ನೇನು ಕೊರತೆಯೆಂಬುದು ಅವನಿಗೆ ಅರ್ಥವಾಗದು. ವರ್ಷಕ್ಕೊಮ್ಮೆ ಸಂಸಾರವೆಲ್ಲ ಶೀಲೋ ಎಂಬ ಪುಣ್ಯಕ್ಷೇತ್ರಕ್ಕೆ ಹೋಗುತ್ತದೆ. ಹಬ್ಬದ ಊಟದ ನಡುವೆ ಹನ್ನಳು ತುತ್ತು ನುಂಗಲಾರದೆ ಅಳುತ್ತಾಳೆ. ಬಳಿಕ ಎದ್ದು ಹೋಗಿ ದೇವರ ಸನ್ನಿಧಿಯಲ್ಲಿ ನಿಲ್ಲುತ್ತಾಳೆ. ತುಟಿಗಳು ಅಲುಗುತ್ತವೆ, ಧ್ವನಿ ಹೊರಡುವುದಿಲ್ಲ. ಬಾಗಿಲ ಬಳಿ ಕುಳಿತಿದ್ದ ಯಾಜಕ ಏಲಿಯು ಆಕೆ ಕುಡಿದು ಬಂದಿರುವಳೆಂದು ತಿಳಿದು ಗದರಿಸುತ್ತಾನೆ. ತಾನು ಕುಡಿದವಳಲ್ಲ, ಮನಸ್ಸಿನಲ್ಲಿರುವುದನ್ನೆಲ್ಲ ದೇವರ ಮುಂದೆ ಹೊಯ್ದುಬಿಟ್ಟವಳು ಎಂದು ಆಕೆ ತಿಳಿಸುತ್ತಾಳೆ. ತಪ್ಪನ್ನರಿತ ಮುದುಕನು ಹರಸಿ ಕಳುಹಿಸುತ್ತಾನೆ.

ಮುಂದೆ ಆಕೆಗೆ ಸಮುವೇಲನು ಹುಟ್ಟಿದನೆಂಬುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲು ನಡೆದ ಸಣ್ಣ ಸಂಗತಿಯೊಂದನ್ನು ಕಥೆಗಾರನು ಮರೆಯದೆ ಬರೆದಿದ್ದಾನೆ: ಹನ್ನಳು ಹಿಂದಿರುಗಿ ಬಂದು ಊಟಮಾಡಿದಳು, ಆಕೆಯ ಮುಖದಲ್ಲಿ ಮೊದಲಿನ ದುಃಖ ಕಾಣಲಿಲ್ಲ. ಆ ಹೊತ್ತಿಗೆ ಮಗುವಿನ ಸುಳಿವೂ ಇರಲಿಲ್ಲ. ಸವತಿಯ ನಾಲಿಗೆಯೂ ಬದಲಾಗಿರಲಿಲ್ಲ. ಬೇಡಿದ್ದು ಕೈಸೇರುವ ಮೊದಲೇ ಆಕೆಗೆ ಏನೋ ಒಂದು ದೊರಕಿತ್ತು. ಹೇಳಿಕೊಳ್ಳಲು ಒಬ್ಬನಿದ್ದಾನೆ, ಅವನ ಮುಂದೆ ಏನನ್ನೂ ಬಚ್ಚಿಡಬೇಕಾಗಿಲ್ಲ ಎಂಬ ನೆಮ್ಮದಿ ಅದು.

ಗೊಣಗುವುದು ಬೇರೆ, ಮೊರೆಯಿಡುವುದು ಬೇರೆ

ಹಾಗಾದರೆ ಬಾಯಿಗೆ ಬಂದುದನ್ನೆಲ್ಲ ಆಡಬಹುದೆ ಎಂಬ ಪ್ರಶ್ನೆ ಏಳಬಹುದು. ಬೈಬಲಿನ ‘ಅರಣ್ಯಕಾಂಡ’ದ ಹನ್ನೊಂದನೆಯ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ಮರುಭೂಮಿಯಲ್ಲಿ ಅಲೆಯುತ್ತಿದ್ದ ಇಸ್ರಾಯೇಲ್ಯರು ತಮ್ಮ ತಮ್ಮ ಡೇರೆಗಳ ಬಾಗಿಲಲ್ಲಿ ಕುಳಿತು, ತಾವು ದಾಸರಾಗಿದ್ದ ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿಗಳನ್ನು ನೆನೆದು ಗೊಣಗಿದರು. ಅದು ದೇವರ ಕೋಪಕ್ಕೆ ಗುರಿಯಾಯಿತು. ಅದೇ ಅಧ್ಯಾಯದಲ್ಲಿ ಅವರ ನಾಯಕ ಮೋಶೆಯೂ ದೂರುತ್ತಾನೆ. ಅವನ ಮಾತು ಜನರ ಮಾತಿಗಿಂತ ಬಿರುಸಾದುದು. ಇಷ್ಟು ಜನರನ್ನು ಹೆತ್ತವನು ತಾನೇ ಏನು, ಈ ಹೊರೆಯನ್ನು ಒಬ್ಬನೇ ಹೊರಲಾರೆ, ಇದಕ್ಕಿಂತ ಸಾವೇ ಲೇಸು ಎಂಬ ಧಾಟಿಯದು. ದೇವರು ಅವನಿಗೆ ಮುನಿಯಲಿಲ್ಲ. ಹೊರೆಯಲ್ಲಿ ಪಾಲುಗೊಳ್ಳಲೆಂದು ಎಪ್ಪತ್ತು ಮಂದಿ ಹಿರಿಯರನ್ನು ಅವನ ಜೊತೆಗೆ ಕೊಟ್ಟನು.

ಎರಡೂ ದೂರುಗಳೇ. ಆದರೆ ಜನರು ದೇವರ ಬೆನ್ನ ಹಿಂದೆ ಆಡಿಕೊಂಡರು. ಮೋಶೆಯು ದೇವರ ಮುಖಕ್ಕೇ ಆಡಿದನು. ಸಂಸಾರ ನಡೆಸುವ ಯಾರಿಗೂ ಈ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಗೊಣಗುವ ಮಾತು ಮನೆಯನ್ನು ಒಡೆಯುತ್ತದೆ. ಎದುರು ಕುಳಿತು ಆಡಿದ ಕಟುಮಾತು ಎಷ್ಟೋ ವೇಳೆ ಮನೆಯನ್ನು ಉಳಿಸುತ್ತದೆ.

ಯೋಬನ ಕಥೆಯೂ ಈ ಮಾತನ್ನೇ ಎತ್ತಿಹಿಡಿಯುತ್ತದೆ. ಆಸ್ತಿ, ಹತ್ತು ಮಕ್ಕಳು, ಆರೋಗ್ಯ, ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಅವನನ್ನು ನೋಡಲು ಮೂವರು ಗೆಳೆಯರು ಬಂದರು. ಏಳು ಹಗಲು, ಏಳು ಇರುಳು ಅವರು ಮಾತಿಲ್ಲದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಅವರಾಡಿದ್ದೆಲ್ಲ ದೇವರ ಪರವಾದ ವಕೀಲಿಕೆ: ಕಷ್ಟ ಬಂದಿದೆಯೆಂದರೆ ತಪ್ಪು ಮಾಡಿರಲೇಬೇಕು. ಯೋಬನು ಒಪ್ಪಲಿಲ್ಲ, ವಾದಿಸಿದನು, ದೇವರನ್ನೇ ನ್ಯಾಯಕ್ಕೆ ಕರೆದನು. ನಲವತ್ತೆರಡು ಅಧ್ಯಾಯಗಳ ಆ ಗ್ರಂಥದ ಕೊನೆಯಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಯೋಬನ ಪ್ರಶ್ನೆಗೆ ನೇರವಾದ ಉತ್ತರ ದೊರೆಯುವುದಿಲ್ಲ. ಅವನ ತಿಳಿವಿನ ಮಿತಿಯನ್ನು ಅವನಿಗೆ ಕಾಣಿಸಿಕೊಡಲಾಗುತ್ತದೆ. ಆದರೂ ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಹೊರತು ಆ ಗೆಳೆಯರಲ್ಲ ಎಂಬುದು ದೇವರ ತೀರ್ಪು. ಸಾಂತ್ವನ ಹೇಳಲು ಹೋಗುವವರೆಲ್ಲ ನೆನಪಿಡಬೇಕಾದ ತೀರ್ಪು ಇದು.

ತೋಟದಲ್ಲಿ, ಶಿಲುಬೆಯ ಮೇಲೆ

ಇದೆಲ್ಲ ಕ್ರಿಸ್ತನಿಗಿಂತ ಹಿಂದಿನ ಮಾತು. ಕ್ರೈಸ್ತರಿಗೆ ಕೊನೆಯ ಪ್ರಮಾಣ ಕ್ರಿಸ್ತನೇ. ಸೆರೆ ಸಿಕ್ಕಿದ ರಾತ್ರಿಯೇ, ಅದಕ್ಕೆ ಮುಂಚೆ, ಯೇಸುವು ಗೆತ್ಸೇಮನೆ ಎಂಬ ತೋಟದಲ್ಲಿ ಪ್ರಾರ್ಥಿಸಿದನು. ಬರಲಿರುವ ಸಂಕಟದ ಪಾತ್ರೆ ತನ್ನಿಂದ ತೊಲಗಲೆಂದು ಬೇಡಿದನು. ತಂದೆಯ ಚಿತ್ತವೇ ನಡೆಯಲೆಂದೂ ಹೇಳಿದನು. ನಾವು ಸಾಮಾನ್ಯವಾಗಿ ಎರಡನೆಯ ಮಾತನ್ನು ಮಾತ್ರ ನೆನೆಯುತ್ತೇವೆ. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಬೆಲೆಯೆಲ್ಲಿ? ಬೇಡವೆಂಬುದನ್ನು ಬೇಡವೆಂದು ಹೇಳಿದ ಮೇಲೆ ತಲೆಬಾಗುವುದು ಶರಣಾಗತಿ. ಹೇಳುವ ಮುಂಚೆಯೇ ತಲೆಬಾಗುವುದು ಬರಿಯ ಅಂಜಿಕೆಯೂ ಆಗಿರಬಹುದು.

ಮರುದಿನ ಶಿಲುಬೆಯ ಮೇಲೆ ಆತನ ಬಾಯಿಂದ ಬಂದುದು 22ನೆಯ ಕೀರ್ತನೆಯ ಮೊದಲ ಮಾತು. ದೇವರಿಂದ ತೊರೆಯಲ್ಪಟ್ಟವನ ಪ್ರಶ್ನೆ. ಗ್ರೀಕ್ ಭಾಷೆಯಲ್ಲಿ ಬರೆದ ಮಾರ್ಕನು ಆ ಕೂಗನ್ನು ಯೇಸುವಿನ ಆಡುಮಾತಾದ ಅರಮಾಯಿಕ್ ಭಾಷೆಯಲ್ಲಿಯೇ ಉಳಿಸಿಕೊಂಡಿದ್ದಾನೆ. ಸಾಯುವ ಹೊತ್ತಿನಲ್ಲಿ ಯೇಸುವಿಗೆ ಒದಗಿದ್ದು ಚಿಕ್ಕಂದಿನಿಂದ ಕೇಳಿಬಂದ ಹಾಡಿನ ಅಳಲು. ಅಂದ ಮೇಲೆ ಅಂಥ ಪ್ರಶ್ನೆಯನ್ನು ಕೇಳಿದ ಮಾತ್ರಕ್ಕೆ ತನ್ನ ಭಕ್ತಿ ಕೆಟ್ಟಿತೆಂದು ಯಾವ ಕ್ರೈಸ್ತನೂ ಅಂಜಬೇಕಾಗಿಲ್ಲ.

ಅಗುಳಿ ಹಾಕಿದ ಬಾಗಿಲು

ನಮ್ಮ ಕಾಲಕ್ಕೆ ಹತ್ತಿರದ ಇಬ್ಬರನ್ನು ನೋಡೋಣ. ಇಂಗ್ಲೆಂಡಿನ ಲೇಖಕ ಸಿ. ಎಸ್. ಲೂಯಿಸ್ ಅವರು 1940ರಲ್ಲಿ ನೋವಿನ ಸಮಸ್ಯೆಯನ್ನು ಕುರಿತು ತರ್ಕಬದ್ಧವಾದ ಗ್ರಂಥವನ್ನು ಬರೆದು ಹೆಸರಾದವರು. 1960ರ ಜುಲೈ ತಿಂಗಳಿನಲ್ಲಿ ಅವರ ಪತ್ನಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಆ ತರ್ಕ ಅವರ ನೆರವಿಗೆ ಬರಲಿಲ್ಲ. ಕೈಗೆ ಸಿಕ್ಕಿದ ನೋಟುಪುಸ್ತಕಗಳಲ್ಲಿ ತಮ್ಮ ಅಳಲನ್ನು ಬರೆಯತೊಡಗಿದರು. ಅತ್ಯಂತ ಅಗತ್ಯವಾದಾಗ ದೇವರ ಬಳಿಗೆ ಹೋದರೆ, ಬಾಗಿಲು ಮುಚ್ಚಿ ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿದಂತಾಯಿತೆಂದು ಅವರು ಬರೆದುಕೊಂಡರು. 1961ರಲ್ಲಿ ಅದು ಗುಪ್ತನಾಮದಲ್ಲಿ ಪ್ರಕಟವಾಯಿತು; ಅವರ ಹೆಸರು ಅದರ ಮೇಲೆ ಬಂದುದು 1963ರಲ್ಲಿ ಅವರು ತೀರಿಕೊಂಡ ಬಳಿಕ. ಅದೇ ಪುಸ್ತಕದ ಕೊನೆಯ ಭಾಗದಲ್ಲಿ ಬಾಗಿಲು ಮೊದಲಿನಂತೆ ಮುಚ್ಚಿರುವಂತೆ ಅವರಿಗೆ ತೋರುವುದಿಲ್ಲ. ಯಾರೂ ವಾದಿಸಿ ಅವರನ್ನು ಗೆದ್ದುದರಿಂದ ಆದ ಬದಲಾವಣೆಯಲ್ಲ ಅದು. ಕೋಪವನ್ನು ಕಡೆಯವರೆಗೂ ಬರೆದು ಮುಗಿಸಿದ್ದರಿಂದ ಆದದ್ದು.

ಮದರ್ ತೆರೇಸಾ ಅವರ ಸಂಗತಿ ಇನ್ನೂ ಕಠಿನವಾದುದು. 1929ರಲ್ಲಿ ಕಲ್ಕತ್ತೆಗೆ ಬಂದು, 1950ರಲ್ಲಿ ತಮ್ಮ ಸೇವಾಸಂಘವನ್ನು ಸ್ಥಾಪಿಸಿ, 1979ರಲ್ಲಿ ನೊಬೆಲ್ ಬಹುಮಾನ ಪಡೆದ ಆ ತಾಯಿಯ ನಗುಮುಖವನ್ನು ಜಗತ್ತೆಲ್ಲ ಕಂಡಿತ್ತು. ಅವರು 1997ರಲ್ಲಿ ತೀರಿಕೊಂಡ ಹತ್ತು ವರ್ಷಗಳ ಬಳಿಕ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಓದುಗರು ಬೆರಗಾದರು. ಸಂಘವನ್ನು ಆರಂಭಿಸಿದ ಕಾಲದಿಂದ, ನಡುವೆ 1958ರಲ್ಲಿ ಅಲ್ಪಕಾಲ ಹೊರತಾಗಿ, ಕೊನೆಯವರೆಗೂ, ಸುಮಾರು ಐವತ್ತು ವರ್ಷ, ದೇವರ ಸಾನ್ನಿಧ್ಯದ ಅನುಭವವೇ ಅವರಿಗೆ ಇರಲಿಲ್ಲ. ಒಳಗೆಲ್ಲ ಬರಿದು, ಕತ್ತಲೆ ಎಂದು ತಮ್ಮ ಆತ್ಮೀಯ ಗುರುಗಳಿಗೆ ಅವರು ಬರೆದಿದ್ದರು. ಯೇಸುವಿಗೇ ಬರೆದ ಒಂದು ಪತ್ರವೂ ಅದರಲ್ಲಿದೆ. ಆ ಪತ್ರಗಳನ್ನು ನಾಶಪಡಿಸಬೇಕೆಂಬುದು ಅವರ ಇಚ್ಛೆಯಾಗಿತ್ತು.

ಇದನ್ನು ಕಂಡು ಆಕೆಯದು ನಟನೆಯೆಂದವರೂ ಉಂಟು. ಆದರೆ ಆ ಪತ್ರಗಳನ್ನೂ ಒಳಗೊಂಡ ದಾಖಲೆಗಳನ್ನು ಪರಿಶೀಲಿಸಿಯೇ ಕ್ಯಾಥೊಲಿಕ್ ಸಭೆಯು 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು. ಪ್ರತಿದಿನ ಪ್ರಾರ್ಥನೆಗೆ ಮೊಣಕಾಲೂರಿ, ಸಿಗದವನನ್ನು ಸಿಗಲಿಲ್ಲವೆಂದೇ ಅವನ ಮುಂದೆ ಹೇಳಿ, ಎದ್ದು ಹೋಗಿ ಸಾಯುವವರ ಮೈ ತೊಳೆದದ್ದು ಸಣ್ಣ ಭಕ್ತಿಯಲ್ಲ.

ಇವರೆಲ್ಲರ ಕಥೆಗಳಲ್ಲಿ ಫಲ ಒಂದೇ ಬಗೆಯದಲ್ಲ. ಹನ್ನಳಿಗೆ ಮಗು ಸಿಕ್ಕಿತು. ಲೂಯಿಸರಿಗೆ ಪತ್ನಿ ಮರಳಿ ಬರಲಿಲ್ಲ. ಮದರ್ ತೆರೇಸಾ ಅವರ ಕತ್ತಲೆ ಕರಗಲಿಲ್ಲ. ಹೇಮಾನನ ಹಾಡು ಕತ್ತಲೆಯಲ್ಲಿಯೇ ನಿಂತಿತು. ಪ್ರಾಮಾಣಿಕವಾದ ಪ್ರಾರ್ಥನೆಯೂ ಬೇಡಿದ್ದನ್ನು ತಂದುಕೊಡುವ ಮಂತ್ರವಲ್ಲ. ಆದರೆ ಇವರಲ್ಲಿ ಯಾರೂ ದೇವರೊಡನೆ ಮಾತು ಬಿಡಲಿಲ್ಲ. ಮಾತು ಇರುವ ತನಕ ನಂಟು ಇರುತ್ತದೆ. ಅದು ಜಗಳದ ಮಾತಾದರೂ ಚಿಂತೆಯಿಲ್ಲ.

ಆದುದರಿಂದ ದುಃಖದ ಮನೆಗೆ ಹೋದಾಗ ದೇವರ ಪರವಾಗಿ ವಾದಿಸುವ ಆತುರ ನಮಗೆ ಬೇಡ. ಯೋಬನ ಗೆಳೆಯರ ಮೊದಲ ಏಳು ದಿನಗಳನ್ನು ನೆನೆದು ಸುಮ್ಮನೆ ಪಕ್ಕದಲ್ಲಿ ಕುಳಿತರೆ ಸಾಕು. ದುಃಖ ನಮ್ಮ ಮನೆಗೇ ಬಂದಾಗ, ಪ್ರಾರ್ಥನೆಗೆ ಅಂದವಾದ ಮಾತುಗಳು ಹೊರಡದಿದ್ದರೆ ಹೊರಡುವ ಮಾತುಗಳನ್ನೇ ಆಡೋಣ. ಮೊರೆಯಿಡುವವನು ಆಗಲೇ ಮೊರೆಹೊಕ್ಕಿದ್ದಾನೆ.